ಪದ ಪರಿಚಯ: ಶಕ್ತಿ ಸಾಂದ್ರತೆ

ಒಂದು ಕಿಲೋಗ್ರಾಂ ತೂಕದ ಬ್ಯಾಟರಿಯಲ್ಲಿ ಎಷ್ಟು ಶಕ್ತಿಯನ್ನು ತುಂಬಿಡಬಹುದು ಎಂಬುದರ ಅಳತೆಯೇ ಶಕ್ತಿ ಸಾಂದ್ರತೆ. ಕಿಲೋಗ್ರಾಂಗೆ ಇಷ್ಟು ವ್ಯಾಟ್-ಅವರ್ ಎಂದು ಇದನ್ನು ಹೇಳುವುದು ರೂಢಿ. ಮನೆಯ ಕರೆಂಟ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಮನೆಯ ಯುಪಿಎಸ್‌ಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ಬಗೆಯ ಬ್ಯಾಟರಿಯ ಸಾಂದ್ರತೆ ಕಿಲೋಗೆ 30ರಿಂದ 40 ವ್ಯಾಟ್-ಅವರ್ ಮಾತ್ರ. ಒಮ್ಮೆ ಚಾರ್ಜ್ ಮಾಡಿದರೆ ಆ ಪುಟ್ಟ ಕಾರು ಸುಮಾರು 80 ಕಿ.ಮೀ. ಓಡುತ್ತಿತ್ತು. ಈ ಮಿತಿಗೆ ಕಾರಣ ಸೀಸದ ಭಾರವೇ ಹೊರತು ಅದನ್ನು ಕಟ್ಟಿದವರ ಕೌಶಲದ ಕೊರತೆಯಲ್ಲ. ಇಂದಿನ ಸಾಧಾರಣ ಎಲೆಕ್ಟ್ರಿಕ್ ಕಾರಿಗೆ ಬೇಕಾದ 30 ಯೂನಿಟ್ ಶಕ್ತಿಯನ್ನು ಸೀಸದಲ್ಲಿ ತುಂಬಲು ಹೊರಟರೆ ಬ್ಯಾಟರಿಯೊಂದೇ 750ರಿಂದ 1,000 ಕಿಲೋ ತೂಗುತ್ತದೆ. ಅದು ಇಡೀ ರೇವಾ ಕಾರಿನ ತೂಕಕ್ಕಿಂತ ಹೆಚ್ಚು.

ಅದೇ 30 ಯೂನಿಟ್‌ಗೆ ಇಂದು 200 ಕಿಲೋದಷ್ಟು ಲಿಥಿಯಂ-ಅಯಾನ್ ಕೋಶಗಳು ಸಾಕು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ, ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ನೊಬೆಲ್ ತಂದುಕೊಟ್ಟ ಈ ತಂತ್ರಜ್ಞಾನದಲ್ಲಿ ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಂನ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಬ್ಯಾಟರಿಯ ಎರಡು ತುದಿಗಳಾದ ವಿದ್ಯುದ್ವಾರಗಳ ನಡುವೆ ಹೋಗಿ ಬರುತ್ತವೆ. ಚಾರ್ಜ್ ಆದಾಗ ಅವು ಹೋಗಿ ಸೇರುವುದು ಗ್ರಾಫೈಟ್‌ನ ಪದರಗಳ ನಡುವೆ. ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪ್-ಅವರ್ ವಿದ್ಯುದಂಶವನ್ನಷ್ಟೇ ಹಿಡಿಯಬಲ್ಲದು. ಅದರ ಜಾಗದಲ್ಲಿ ಶುದ್ಧ ಲಿಥಿಯಂ ಲೋಹವನ್ನೇ ಇಟ್ಟರೆ ಆ ಮಿತಿ 3,860ಕ್ಕೆ ಏರುತ್ತದೆ. ಆದರೆ ಚಾರ್ಜ್ ಮಾಡಿದಂತೆಲ್ಲ ಲೋಹದ ಮೇಲೆ ಸೂಜಿಯಂಥ ಎಳೆಗಳು ಬೆಳೆದು, ನಡುವಿನ ತೆರೆಯನ್ನು ಚುಚ್ಚಿ, ಒಳಗೇ ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯವಿದೆ. ಅಯಾನುಗಳು ಸಾಗುವ ಮಾಧ್ಯಮವಾದ ವಿದ್ಯುದ್ವಿಚ್ಛೇದ್ಯಕ್ಕೆ ಹೊತ್ತಿಕೊಳ್ಳಬಲ್ಲ ದ್ರವದ ಬದಲು ಗಟ್ಟಿ ವಸ್ತುವನ್ನು ಬಳಸಿ ಈ ಎಳೆಗಳನ್ನು ತಡೆಯುವ ಪ್ರಯತ್ನಕ್ಕೇ ಘನಸ್ಥಿತಿ ಬ್ಯಾಟರಿ ಎಂದು ಹೆಸರು. ಕಾರುಗಳ ಮಟ್ಟಿಗೆ ನನಗೆ ಅತ್ಯಂತ ಭರವಸೆಯ ದಾರಿಯಾಗಿ ಕಾಣುವುದು ಇದೇ, ಏಕೆಂದರೆ ಬ್ಯಾಟರಿ ಹಗುರವಾದಷ್ಟೂ ಅದನ್ನೇ ಹೊತ್ತು ಸಾಗಲು ವ್ಯಯವಾಗುವ ಶಕ್ತಿಯೂ ಉಳಿಯುತ್ತದೆ.

ಆದರೆ ಸಾಂದ್ರತೆಯೊಂದನ್ನೇ ಬ್ಯಾಟರಿಯ ಶ್ರೇಷ್ಠತೆಯೆಂದು ತಿಳಿಯುವುದು ತಪ್ಪು. ಪಾವಗಡದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಸಂಜೆಯಾಗುತ್ತಿದ್ದಂತೆ ಸುಮ್ಮನಾಗುತ್ತದೆ, ಊರುಗಳಲ್ಲಿ ದೀಪ, ಫ್ಯಾನು, ಟಿವಿಗಳ ಬೇಡಿಕೆ ಏರುವುದೂ ಆಗಲೇ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಅಂಥ ಕಡೆ ನೆಡುವ ಬ್ಯಾಟರಿ ಎಲ್ಲಿಗೂ ಪ್ರಯಾಣ ಮಾಡಬೇಕಿಲ್ಲವಾದ್ದರಿಂದ ಅದರ ತೂಕ ದೊಡ್ಡ ಸಂಗತಿಯಲ್ಲ. ಅಲ್ಲಿ ಮುಖ್ಯವಾಗುವುದು ಬೆಲೆ, ಸುರಕ್ಷತೆ ಮತ್ತು ಎಷ್ಟು ಸಲ ಚಾರ್ಜ್ ಮಾಡಿ ಬಳಸಬಹುದು ಎಂಬ ಬಾಳಿಕೆ. ನಿಕಲ್, ಕೋಬಾಲ್ಟ್‌ನಂಥ ದುಬಾರಿ ಲೋಹಗಳು ಬೇಡದ, ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಲಿಥಿಯಂ-ಅಯಾನ್ ಬ್ಯಾಟರಿ ಸಾಂದ್ರತೆಯಲ್ಲಿ ಹಿಂದಿದ್ದರೂ ಇಲ್ಲಿ ಮುಂದಿದೆ. ಉಪ್ಪಿನಲ್ಲಿ ಹೇರಳವಾಗಿರುವ ಸೋಡಿಯಂ ಬಳಸುವ ಬ್ಯಾಟರಿಗಳು ಇನ್ನೂ ಭಾರವಾಗಿದ್ದರೂ ಇದೇ ಕಾರಣಕ್ಕೆ ಗಮನಾರ್ಹ. 5,000 ಸಲ ಚಾರ್ಜ್ ತಾಳಿಕೊಳ್ಳುವ ಬ್ಯಾಟರಿಯನ್ನು ದಿನಕ್ಕೊಮ್ಮೆ ತುಂಬಿ ಬರಿದು ಮಾಡಿದರೂ ಅದು 13 ವರ್ಷ ದುಡಿಯುತ್ತದೆ, ಮತ್ತು ಸಂಜೆಯ ಒಂದು ಯೂನಿಟ್ ಸೌರವಿದ್ಯುತ್ತಿನ ಬೆಲೆಯನ್ನು ನಿರ್ಧರಿಸುವುದರಲ್ಲಿ ಈ ಲೆಕ್ಕದ ಪಾತ್ರವೇ ದೊಡ್ಡದು.