ಮಂಗನ ಕಾಯಿಲೆ: ಉಣುಗಿನ ವಯಸ್ಸು ತಿಳಿದರೆ ಉಳಿದ ಪಾಠ ಸಲೀಸು

ಆರೋಗ್ಯ ಇಲಾಖೆಯ ಪರೀಕ್ಷೆಗೆ, ತರಬೇತಿಗೆ ಓದುವವರೆಲ್ಲ ಈ ಪಾಠದಲ್ಲಿ ಮೊದಲು ಬಾಯಿಪಾಠ ಮಾಡುವ ಸಾಲು ಒಂದಿದೆ: ಮೊದಲು ಪತ್ತೆಯಾದದ್ದು 1957, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು; ಕಾರಣ ಫ್ಲೇವಿವೈರಸ್ ಗುಂಪಿನ ವೈರಾಣು, ಹರಡುವುದು ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಇಷ್ಟಕ್ಕೆ ಟಿಪ್ಪಣಿ ಬೇಕಿಲ್ಲ. ಎಡವುವುದು ಅದರ ಮುಂದಿನ ಪ್ರಶ್ನೆಗಳಲ್ಲಿ. ಮಂಗ ಸತ್ತರೆ ಮನುಷ್ಯರಿಗೇಕೆ ಅಪಾಯ? ದನದ ಮೈತುಂಬ ಉಣುಗಿದ್ದರೂ ದನವನ್ನು ರೋಗದ ಮೂಲ ಎನ್ನುವುದಿಲ್ಲವೇಕೆ? ಮಳೆಗಾಲದಲ್ಲಿ ಕಾಯಿಲೆ ಅಡಗಿ ಬೇಸಿಗೆಗೆ ಏಳುವುದೇಕೆ? ಮೂರಕ್ಕೂ ಉತ್ತರ ಒಂದೇ ಕಡೆ ಇದೆ.

ಉಣುಗು ಕಚ್ಚುವುದು ಹಂತಕ್ಕೊಂದು ಸಲ

ಮೊಟ್ಟೆ ಒಡೆದು ಬರುವುದು ಆರು ಕಾಲಿನ ಮರಿ (ಲಾರ್ವಾ). ಅದು ಒಂದು ಪ್ರಾಣಿಯ ರಕ್ತ ಹೀರಿ, ತುಂಬಿಕೊಂಡು, ಕೆಳಗೆ ಬೀಳುತ್ತದೆ. ದರಗಿನ (ಒಣ ಎಲೆಯ) ಅಡಿಯಲ್ಲಿ ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಇನ್ನೊಂದು ಪ್ರಾಣಿಯನ್ನು ಹಿಡಿದು, ಹೀರಿ, ಮತ್ತೆ ಬಿದ್ದು, ಬಲಿತ ಉಣುಗಾಗುತ್ತದೆ. ಬಲಿತದ್ದು ಮೂರನೆಯ ಪ್ರಾಣಿಯನ್ನು ಹಿಡಿಯುತ್ತದೆ. ಅಂದರೆ ಇಡೀ ಆಯುಷ್ಯದಲ್ಲಿ ಮೂರೇ ಊಟ, ಪ್ರತಿ ಊಟವೂ ಬೇರೆ ಪ್ರಾಣಿಯ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೊಳ್ಳೆಯ ಪಾಠ ಓದಿ ಬಂದವರು ಉಣುಗನ್ನೂ ಸೊಳ್ಳೆಯ ಹಾಗೇ ಯೋಚಿಸುತ್ತಾರೆ. ಸೊಳ್ಳೆ ಒಬ್ಬರನ್ನು ಕಚ್ಚಿ ಕೆಲವು ದಿನದ ಮೇಲೆ ಇನ್ನೊಬ್ಬರನ್ನು ಕಚ್ಚುತ್ತದೆ, ಎರಡೂ ಸಲ ಅದು ಅದೇ ಬಲಿತ ಸೊಳ್ಳೆ. ಉಣುಗು ಹಾಗಲ್ಲ. ಒಂದು ಹಂತದಲ್ಲಿ ಪಡೆದ ವೈರಾಣುವನ್ನು ಪೊರೆ ಕಳಚಿದರೂ ಮೈಯಲ್ಲೇ ಉಳಿಸಿಕೊಂಡು, ಮುಂದಿನ ಹಂತದಲ್ಲಿ ಕೊಡುತ್ತದೆ. ಮರಿಯಾಗಿದ್ದಾಗ ಸೋಂಕಿನ ಇಲಿಯನ್ನೋ ಮಂಗವನ್ನೋ ಹೀರಿದ್ದು, ನಿಂಫ್ ಆದ ಮೇಲೆ ಮನುಷ್ಯರಿಗೆ ದಾಟಿಸುತ್ತದೆ. ಪಡೆಯುವುದಕ್ಕೂ ಕೊಡುವುದಕ್ಕೂ ನಡುವೆ ಒಂದು ಪೊರೆ ಇದೆ. ಇದೊಂದು ವಾಕ್ಯ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ.

ಈಗ ಇದನ್ನು ಮಲೆನಾಡಿನ ಋತುಗಳ ಮೇಲೆ ಇಟ್ಟು ನೋಡಿ. ಬಲಿತ ಉಣುಗಿನ ಕಾಲ ಮಳೆಗಾಲ. ಅದು ದನದಂಥ ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ, ಮನುಷ್ಯರನ್ನು ಕಚ್ಚುವುದು ಅಪರೂಪ. ಮಳೆ ಇಳಿಯುವ ಹೊತ್ತಿಗೆ ಮರಿಗಳು. ನವೆಂಬರ್ ಕೊನೆ, ಡಿಸೆಂಬರಿನಿಂದ ಮೇ ತನಕ ನಿಂಫ್. ಮನುಷ್ಯರಿಗೆ ಅಂಟುವುದು ಹೆಚ್ಚಾಗಿ ಈ ನಿಂಫೇ. ಎಳ್ಳಿನಷ್ಟು ಸಣ್ಣದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದರಗು ಗುಡಿಸುವುದು, ಕಟ್ಟಿಗೆ ತರುವುದು, ಕಾಡಂಚಿನ ತೋಟದ ಕೆಲಸ ಎಲ್ಲವೂ ಇದೇ ತಿಂಗಳುಗಳಲ್ಲಿ. ಜನವರಿಯಿಂದ ಏಪ್ರಿಲ್ ತನಕ ಪ್ರಕರಣ ಏರುವುದು ಇದರಿಂದ.

ದನದ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ದನದ ರಕ್ತದಲ್ಲಿ ಉಣುಗಿಗೆ ಸೋಂಕು ತಗಲುವಷ್ಟು ವೈರಾಣು ಬೆಳೆಯುವುದಿಲ್ಲ. ಆದರೆ ದನದ ಮೇಲೆ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನ ಹೆಚ್ಚಿಸುವುದು ಉಣುಗಿನ ಸಂಖ್ಯೆಯನ್ನು, ವೈರಾಣುವನ್ನಲ್ಲ. ಹಾಗಾಗಿ ಪಶುವೈದ್ಯರು ಹೇಳಿದ ಉಣುಗುನಾಶಕವನ್ನು ದನಕ್ಕೆ ಹಾಕಿಸುವುದೂ ಮನುಷ್ಯರ ರೋಗ ತಡೆಯುವ ಕೆಲಸವೇ. ಉತ್ತರಪತ್ರಿಕೆಯಲ್ಲಿ ಈ ಅಂಶ ಬಿಟ್ಟುಬಿಡುವವರೇ ಹೆಚ್ಚು.

ಮಂಗ ಸತ್ತ ಜಾಗ

ಮುಸಿಯ (ಲಂಗೂರ್) ಮತ್ತು ಕೆಂಪು ಮೋರೆಯ ಮಂಗ, ಎರಡರ ಮೈಯಲ್ಲೂ ವೈರಾಣು ವಿಪರೀತ ಬೆಳೆದು ಅವು ಸಾಯುತ್ತವೆ. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ. ಅರ್ಧ ಹೀರಿದವು ಮತ್ತೊಂದು ಮೈ ಹುಡುಕುತ್ತವೆ. ತುಂಬಿಕೊಂಡ ಮರಿಗಳು ಪೊರೆ ಕಳಚಿ ಸೋಂಕಿನ ನಿಂಫ್‌ಗಳಾಗುತ್ತವೆ. ಹೆಣ ಸಾಗಿಸಿದ ಮೇಲೂ ಜಾಗದ ಅಪಾಯ ಕಳೆಯುವುದಿಲ್ಲ ಎನ್ನುವುದಕ್ಕೆ ಕಾರಣ ಇದೇ.

ಆದ್ದರಿಂದ ಹೆಣ ಕಂಡವರು ಮುಟ್ಟಬಾರದು, ಹತ್ತಿರ ನಿಂತು ಫೋಟೋ ತೆಗೆಯಬಾರದು. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜಾಗ ಹೇಳಬೇಕು. ಅರಣ್ಯ, ಪಶುಪಾಲನೆ, ಆರೋಗ್ಯ ಮೂರೂ ಇಲಾಖೆಗಳಿಗೆ ಒಂದೇ ದಿನ ಸುದ್ದಿ ಮುಟ್ಟಬೇಕು. ರಕ್ಷಣಾ ಉಡುಪು ತೊಟ್ಟ ಪಶುವೈದ್ಯರು ಪರೀಕ್ಷೆಗೆ ಅಂಗಾಂಶ ತೆಗೆಯುತ್ತಾರೆ, ಹೆಣ ಸುಡಿಸುತ್ತಾರೆ, ಸುತ್ತಲ ನೆಲಕ್ಕೆ ಮೆಲಾಥಿಯಾನ್ ಕೀಟನಾಶಕ ಹಾಕಿಸಲಾಗುತ್ತದೆ. ಕೊಳೆತ ಹೆಣದಿಂದ ಫಲಿತಾಂಶ ಸಿಗುವುದು ಕಷ್ಟ. ಒಂದು ದಿನ ತಡವಾದರೂ ನಷ್ಟ.

ಮಂಗ ಸಾಯುವ ತನಕ ಕಾಯುವುದು ಮಾತ್ರ ತಡವಾದ ಲೆಕ್ಕ. ಅದಕ್ಕೇ ಸೀಸನ್ ಶುರುವಾಗುವ ಮುಂಚೆಯೇ ಉಣುಗು ಸಂಗ್ರಹ ನಡೆಯಬೇಕು: ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ನೆಲದ ಮೇಲೆ ನಿಧಾನ ಎಳೆದು, ಅಂಟಿದ ಉಣುಗನ್ನು ಹಂತವಾರು ಬೇರ್ಪಡಿಸಿ, ಗುಂಪು ಮಾಡಿ ಲ್ಯಾಬಿಗೆ ಕಳಿಸುವುದು. ಇಬ್ಬನಿಯಲ್ಲಿ ಬಟ್ಟೆ ಒದ್ದೆಯಾದರೆ ಉಣುಗು ಸರಿಯಾಗಿ ಅಂಟುವುದಿಲ್ಲ, ಬಿಸಿಲೇರುವ ತನಕ ಕಾಯಬೇಕು.

ಜ್ವರ ಬಂದ ಮೇಲೆ: ದಿನ ಎಣಿಸಿ

ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆನೋವು, ವಿಪರೀತ ಮೈಕೈ ನೋವು, ವಾಂತಿ. ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಡೆಂಗಿಯಲ್ಲೂ ಹಾಗೆಯೇ ಆಗುವುದರಿಂದ ತಿಂಗಳು ಯಾವುದು, ಕಾಡಿಗೆ ಹೋಗಿದ್ದರೇ ಎಂದು ಕೇಳಲೇಬೇಕು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರಳುತ್ತದೆ, ಆಗ ಕತ್ತು ಬಿಗಿತ, ನಡುಕ, ಗೊಂದಲ ಕಾಣಿಸಬಹುದು. "ವಾಸಿಯಾಯ್ತು" ಎಂದು ಮನೆಗೆ ಹೋದವರನ್ನೂ ಮತ್ತೆ ವಿಚಾರಿಸಬೇಕು.

ರಕ್ತಪರೀಕ್ಷೆಗೆ ಸುಲಭ ಸೂತ್ರ: ಮೊದಲ ದಿನಗಳಲ್ಲಿ ವೈರಾಣುವನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಐದನೆಯ ದಿನದಿಂದ ಪ್ರತಿಕಾಯ ಹುಡುಕುವ ಐಜಿಎಂ ಎಲೈಜಾ ಕೂಡ. ಎರಡನೆಯ ದಿನ ಎಲೈಜಾ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ, ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಎಣಿಕೆ ಆಸ್ಪತ್ರೆಗೆ ಬಂದ ದಿನದಿಂದ ಅಲ್ಲ, ಜ್ವರ ಬಂದ ದಿನದಿಂದ. ಮಾದರಿಯ ಚೀಟಿಯಲ್ಲಿ ಆ ತಾರೀಕು ಇಲ್ಲದಿದ್ದರೆ ಫಲಿತಾಂಶ ಓದಲು ಬರುವುದಿಲ್ಲ. ರಕ್ತವನ್ನು ಮೂರು ಪದರದ ಪೊಟ್ಟಣದಲ್ಲಿ, ಐಸ್ ಪ್ಯಾಕ್ ಜೊತೆ ಕಳಿಸಬೇಕು; ಸೀರಮ್ (ರಕ್ತದ ತಿಳಿ) ಬೇರ್ಪಡಿಸುವ ಮುಂಚೆ ಫ್ರೀಜರಿನಲ್ಲಿಟ್ಟರೆ ರಕ್ತಕಣ ಒಡೆದು ಮಾದರಿ ಹಾಳು.

ವೈರಾಣುವನ್ನೇ ಕೊಲ್ಲುವ ಔಷಧ ಇಲ್ಲ. ದ್ರವ, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ಕಣ್ಣು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಸಾಮಾನ್ಯವಾಗಿ ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರ ಇಡುವ ಊರಿಗೆ ಇದನ್ನು ಬಿಡಿಸಿ ಹೇಳುವುದೂ ನಮ್ಮ ಕೆಲಸ.

ಲಸಿಕೆ, ಎಣ್ಣೆ

ಹಳೆಯ ಲಸಿಕೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ್ದು: ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಇಷ್ಟು ಸಲ ಸೂಜಿಗೆ ಜನ ಬರುತ್ತಿರಲಿಲ್ಲ, ರಕ್ಷಣೆಯೂ ಪೂರ್ತಿ ಇರಲಿಲ್ಲ. 2022ರ ನಂತರ ಅದು ನಿಂತಿದೆ. ಸದ್ಯ ಕೈಯಲ್ಲಿರುವುದು ಡೆಪಾ ಎಣ್ಣೆ. ಅದು ಉಣುಗನ್ನು ಕೊಲ್ಲುವುದಿಲ್ಲ, ದೂರ ಇಡುತ್ತದೆ, ಅದೂ ಕೆಲವು ಗಂಟೆ ಮಾತ್ರ. ಕಾಡಿಗೆ ಹೊರಡುವ ಮುಂಚೆ ಕಾಲು, ಕೈ, ಕತ್ತಿಗೆ ಹಚ್ಚಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬೆವರು ಸುರಿದರೆ ಮತ್ತೆ ಹಚ್ಚಬೇಕು. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಹಿಂದೆ ತಡಕಿ ನೋಡಬೇಕು. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆಯಬೇಕು. ಉಗುರಿನಲ್ಲಿ ಹೊಸಕಿದರೆ ಒಳಗಿನ ರಸ ಕೈಗೆ ತಾಗುತ್ತದೆ. ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದೂ ಬೇಡ.