ಬೋಧನೆಯ ಬಗ್ಗೆ ಸಮ್ಮೇಳನ: ಬಂದವರೆಲ್ಲ ಪಾಲ್ಗೊಳ್ಳುವಂತೆ ಮಾಡೋದು ಹೇಗೆ?

ಓದುಗರ ಪ್ರಶ್ನೆ: ನಾನು ಶಿರಸಿ ಹತ್ತಿರದ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಾಲೇಜು ಮಟ್ಟದ ಬೋಧನೆ, ಕಲಿಕೆಯ ಸಂಶೋಧನೆ ಕುರಿತು ಎರಡು ದಿನದ ಸಮ್ಮೇಳನ ಮಾಡುವ ಯೋಚನೆ ಇದೆ. ಬರೀ ಭಾಷಣ ಕೇಳಿ ಎದ್ದು ಹೋಗುವ ಹಾಗೆ ಆಗಬಾರದು. ಏನು ಮಾಡಬೇಕು?

ಉತ್ತರ: ಪ್ರಬಂಧ ಮಂಡಿಸುವವರಿಗೆ ಒಂದೇ ಷರತ್ತು ಹಾಕಿ. ತಮ್ಮ ವಿದ್ಯಾರ್ಥಿಗಳ ಕೆಲಸದ ಒಂದು ತುಣುಕನ್ನು ಅವರು ತರಲೇಬೇಕು. ಉತ್ತರ ಪತ್ರಿಕೆಯ ಒಂದು ಪುಟ, ಲ್ಯಾಬ್ ರೆಕಾರ್ಡಿನ ಒಂದು ಹಾಳೆ, ತರಗತಿಯಲ್ಲಿ ನಡೆದ ಮಾತಿನ ಹತ್ತು ಸಾಲು, ಯಾವುದಾದರೂ ಸೈ. ಕೈಗೆ ಕೆಲಸ ಸಿಕ್ಕರೆ ಮಾತು ತಾನಾಗಿ ಬರುತ್ತದೆ. ಅರ್ಧ ಗಂಟೆ ಸ್ಲೈಡ್ ತೋರಿಸಿ ಕೊನೆಗೆ "ಪ್ರಶ್ನೆ ಇದೆಯಾ?" ಅಂದರೆ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ?

ಒಂದು ಗೋಷ್ಠಿ ಹೇಗೆ ನಡೆಯಬಹುದು ನೋಡಿ. ಮಂಡಿಸುವವರು ಭೌತಶಾಸ್ತ್ರದವರು ಅಂತ ಇಟ್ಟುಕೊಳ್ಳೋಣ. ಮೊದಲ ವರ್ಷದ ಬಿಎಸ್ಸಿಗೆ ಕೊಟ್ಟ ಪ್ರಶ್ನೆ: ನೇರ ಮೇಲಕ್ಕೆ ಎಸೆದ ಕಲ್ಲು ತುತ್ತತುದಿ ಮುಟ್ಟಿದಾಗ ಅದರ ಮೇಲೆ ಬಲ ಎಷ್ಟು? ಒಬ್ಬ ಹುಡುಗಿ "ಸೊನ್ನೆ" ಅಂತ ಬರೆದಿದ್ದಾಳೆ. ಇದು ಎಲ್ಲ ಕಡೆ ಕಾಣುವ ತಪ್ಪು. ಆ ಕ್ಷಣಕ್ಕೆ ಸೊನ್ನೆ ಆಗುವುದು ವೇಗ, ಭೂಮಿಯ ಎಳೆತ ಇದ್ದಹಾಗೇ ಇರುತ್ತದೆ. ಆ ಪುಟದ ಜೆರಾಕ್ಸ್ ಪ್ರತಿ ಮೇಜಿಗೂ ಹೋಗಲಿ, ಜೊತೆಗೆ ಎರಡು ಪ್ರಶ್ನೆ. ಇವಳು ಏನು ಯೋಚಿಸಿ ಹೀಗೆ ಬರೆದಳು? ನಾಳೆ ನೀವು ಅವಳಿಗೆ ಕೇಳುವ ಮೊದಲ ಮಾತು ಯಾವುದು?

ಮೊದಲು ಮೂರು ನಿಮಿಷ ಎಲ್ಲರೂ ತಮ್ಮಷ್ಟಕ್ಕೆ ಬರೆದುಕೊಳ್ಳಲಿ. ಇದನ್ನು ಬಿಡಲೇಬೇಡಿ. ಬರೆಯದೆ ಮಾತಿಗಿಳಿದರೆ ಹಿರಿಯರು ಹೇಳಿದ್ದಕ್ಕೆ ಕಿರಿಯರು ತಲೆಯಾಡಿಸುತ್ತಾರೆ. ಆಮೇಲೆ ಪಕ್ಕದವರ ಜೊತೆ, ಆಮೇಲೆ ಇಡೀ ಮೇಜು. ಮೇಜಿನಲ್ಲಿ ಕನ್ನಡದವರು, ಕಾಮರ್ಸಿನವರು ಬೆರೆತಿರಲಿ. "ಅವಳಿಗೆ ಇಂಗ್ಲಿಷ್ ಪ್ರಶ್ನೆ ಅರ್ಥ ಆಗಿತ್ತಾ?" ಅಂತ ಕೇಳುವವರು ಹೆಚ್ಚಾಗಿ ಬೇರೆ ವಿಷಯದವರೇ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಮನೆಯಲ್ಲಿ ಕೊಂಕಣಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಒಮ್ಮೆಲೇ ಇಂಗ್ಲಿಷಿನಲ್ಲಿ ವಿಜ್ಞಾನ. ಕಾರವಾರದಲ್ಲಿ, ಅಂಕೋಲಾದಲ್ಲಿ ಇಂಥ ಮಕ್ಕಳು ತರಗತಿ ತುಂಬ ಇದ್ದಾರೆ. ಅದೇ ಪ್ರಶ್ನೆಗೆ ಬಾಯಿಮಾತಿನಲ್ಲಿ, ಕನ್ನಡದಲ್ಲಿ ಅವಳು ಏನು ಹೇಳುತ್ತಾಳೆ ಅಂತ ಕೇಳಿ ಹೋಲಿಸಿದರೆ ಅದೇ ಒಳ್ಳೆಯ ಸಂಶೋಧನೆ. ದೊಡ್ಡ ಗ್ರಾಂಟ್ ಬೇಕಾಗಿಲ್ಲ.

ಮಂಡಿಸುವವರು ತಾವು ಕಂಡುಕೊಂಡದ್ದನ್ನು ಹೇಳುವುದು ಇಷ್ಟೆಲ್ಲ ಆದಮೇಲೆ, ಹತ್ತೇ ನಿಮಿಷ. ಆಗ ಸಭೆ ಕಿವಿಗೊಟ್ಟು ಕೇಳುತ್ತದೆ, ಯಾಕೆಂದರೆ ಪ್ರತಿಯೊಬ್ಬರೂ ತಮ್ಮದೊಂದು ಊಹೆ ಬರೆದಿಟ್ಟಿರುತ್ತಾರೆ. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಲ್ಲಿ ತರಗತಿಗೆ ತಂದ ಕ್ರಮವೂ ಇದಕ್ಕೆ ಹತ್ತಿರದ್ದೇ. ಮೊದಲು ಒಬ್ಬೊಬ್ಬರೇ ಉತ್ತರ ಆರಿಸಬೇಕು, ಆಮೇಲೆ ಪಕ್ಕದವರನ್ನು ಒಪ್ಪಿಸಲು ನೋಡಬೇಕು. ಇಂಥ ತರಗತಿಗಳಿಂದ ಲಾಭ ಇದೆಯಾ ಅನ್ನುವುದಕ್ಕೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳು. ಬರೀ ಉಪನ್ಯಾಸ ಇದ್ದಲ್ಲಿ ಫೇಲಾದವರು ಸರಾಸರಿ ಶೇ. 34ರ ಹತ್ತಿರ. ಮಕ್ಕಳಿಗೆ ಯೋಚಿಸುವ, ಚರ್ಚಿಸುವ ಕೆಲಸ ಕೊಟ್ಟಲ್ಲಿ ಶೇ. 22. ಇದನ್ನು ಭಾಷಣವಾಗಿ ಕೇಳಿಸಿ ಕಳಿಸಿದರೆ ಏನು ಬಂತು? ಬಂದ ಮೇಷ್ಟ್ರುಗಳು ಆ ಬಗೆಯ ಕಲಿಕೆಯನ್ನು ತಾವೇ ಒಮ್ಮೆ ಅನುಭವಿಸಲಿ.

ಗೋಷ್ಠಿ ನಡೆಸುವವರನ್ನು ಹುದ್ದೆ ನೋಡಿ ಆರಿಸಬೇಡಿ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯ ಹಾಗೆ ಎದುರಿನವರ ಮಾತು ಕೇಳಿ, ಅದನ್ನೇ ಹಿಡಿದು ಮುಂದಿನ ಪ್ರಶ್ನೆ ಎತ್ತುವವರು ಬೇಕು. ಶಿರಸಿ ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ.

ವಿದ್ಯಾರ್ಥಿಗಳ ಬರಹ ಬಳಸುವಾಗ ಒಂದು ಎಚ್ಚರ. ಅವರ ಒಪ್ಪಿಗೆ ಬೇಕು. ಒಪ್ಪದಿದ್ದರೂ ಇಂಟರ್ನಲ್ ಮಾರ್ಕ್ಸಿಗೆ ತೊಂದರೆ ಇಲ್ಲ ಅನ್ನುವುದು ಅವರಿಗೆ ಖಾತ್ರಿ ಆಗಬೇಕು. ಹಾಗಾಗಿ ಮಾರ್ಕ್ಸ್ ಹಾಕಿ ಮುಗಿದ ಮೇಲೆ, ಪಾಠ ಮಾಡದ ಬೇರೆಯವರಿಂದ ಕೇಳಿಸುವುದು ಒಳ್ಳೆಯದು. ಹೆಸರು, ನಂಬರ್ ಅಳಿಸಿದರೆ ಸಾಲದು. ಸುತ್ತಮುತ್ತಲ ಕಾಲೇಜಿನವರೇ ಬರುವಲ್ಲಿ ಅಕ್ಷರ ನೋಡಿ ಗುರುತು ಹಿಡಿಯುತ್ತಾರೆ. ಟೈಪ್ ಮಾಡಿಸಿಬಿಡಿ.

ಉದ್ಘಾಟನೆ ಅರ್ಧ ಗಂಟೆ ಸಾಕು. ಮುಖ್ಯ ಅತಿಥಿಯನ್ನು ಕರೆಯುವಾಗಲೇ "ಎರಡೂ ದಿನ ನಮ್ಮ ಮೇಜಿನಲ್ಲಿ ಕೂರಬೇಕು" ಅಂತ ಕೇಳಿಕೊಳ್ಳಿ. ಅರವತ್ತು ಜನಕ್ಕಿಂತ ಜಾಸ್ತಿ ಬೇಡ. ಗ್ಯಾಲರಿ ಇರುವ ಹಾಲ್ ಬಿಡಿ, ಬೆಂಚು ತಿರುಗಿಸಲು ಬರುವುದಿಲ್ಲ. ಲೈಬ್ರರಿಯ ಓದುವ ಕೋಣೆಯಲ್ಲಿ ಮೇಜುಗಳು ಇದ್ದೇ ಇರುತ್ತವೆ. ಐದೈದು ಜನ ಕೂತರೆ ಹದ.

ದಿನ ಗೊತ್ತು ಮಾಡುವಾಗ ಮಳೆಗಾಲ ಬೇಡವೇ ಬೇಡ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಶಿರಸಿಗೆ ರೈಲಿಲ್ಲ. ಕರಾವಳಿಯವರು ಘಟ್ಟ ಹತ್ತಿಯೇ ಬರಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವಾರ ಊರಲ್ಲಿ ರೂಮ್ ಸಿಗುವುದು ಕಷ್ಟ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರೀಕ್ಷೆ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ.

ಎರಡನೇ ದಿನದ ಕೊನೆಯ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಬೇರೆ ಬೇರೆ ಕಾಲೇಜಿನ ಇಬ್ಬಿಬ್ಬರು ಜೋಡಿಯಾಗಲಿ. ತಮ್ಮ ತರಗತಿಯಲ್ಲಿ ಮುಂದಿನ ತಿಂಗಳು ಮಾಡಿ ನೋಡುವ ಒಂದು ಬದಲಾವಣೆ, ಅದರ ಫಲ ತಿಳಿಯಲು ಕೂಡಿಡುವ ಒಂದು ದಾಖಲೆ, ಇಷ್ಟನ್ನು ಬರೆದು ಒಬ್ಬರದನ್ನು ಇನ್ನೊಬ್ಬರಿಗೆ ಕೊಡಲಿ. ಮೂರು ತಿಂಗಳ ನಂತರದ ಭೇಟಿಯ ದಿನವನ್ನೂ ಅಲ್ಲೇ ಗೊತ್ತು ಮಾಡಿ. ಆ ಭೇಟಿ ಕುಮಟಾದಲ್ಲಿ ಆದರೆ ಅನುಕೂಲ. ಕಾರವಾರದವರಿಗೂ ಶಿರಸಿಯವರಿಗೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಲು ಆಗುತ್ತದೆ.