ಬಳ್ಳಾರಿ ಜಾಲಿ ಯಾವ ಇಲಾಖೆಯ ಗಿಡ?

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೊರಟರೆ ಕಾಲುವೆ ನೀರು ಹತ್ತಿದಲ್ಲಿ ಭತ್ತ ಕಾಣುತ್ತದೆ. ನೀರು ಹತ್ತದ ಹಳ್ಳ, ಕೆರೆ ಅಂಗಳ, ಗೋಮಾಳದಲ್ಲೆಲ್ಲ ಜಾಲಿ. ಇಡೀ ಕರ್ನಾಟಕ ಇದನ್ನು ನಮ್ಮೂರಿನ ಹೆಸರಿಟ್ಟೇ ಕರೆಯುತ್ತದೆ, ಆದರೆ ಇದು ನಮ್ಮದಲ್ಲ. ನಮ್ಮದು ಕರಿಜಾಲಿ. ಈ ಬಳ್ಳಾರಿ ಜಾಲಿಯ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ.

ಇದು ತಾನಾಗಿ ಬಂದ ಗಿಡವೂ ಅಲ್ಲ. 1877ರಲ್ಲಿ ಜಮೈಕಾದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಆಗ ಕಡಪ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಧಾತು ಸಂವತ್ಸರದ ಬರದಲ್ಲಿ ಈ ಸೀಮೆಯ ಜನ ಹುಳುಗಳ ಹಾಗೆ ಸಾಯುತ್ತಿದ್ದ ಕಾಲ ಅದು. ನೀರು ಕೇಳದ, ದನ ಎಲೆ ಮುಟ್ಟದ, ಸೌದೆಗೆ ಒಳ್ಳೆಯದಾದ ಮರ ಯಾರಿಗೆ ಬೇಡ? ಜೋಧಪುರ ಸಂಸ್ಥಾನವಂತೂ 1940ರಲ್ಲಿ ಇದಕ್ಕೆ ರಾಜವೃಕ್ಷದ ಪಟ್ಟ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ಅರಣ್ಯ ಇಲಾಖೆಗಳು ಬರಡು ನೆಲ ಹಸಿರು ಮಾಡೋಣ ಅಂತ ನೆಡುತ್ತಲೇ ಹೋದವು.

ಎಲೆ ಮುಟ್ಟದ ದನ, ಕುರಿ ಸಿಹಿ ಕಾಯಿಯನ್ನು ಮಾತ್ರ ಬಿಡುವುದಿಲ್ಲ. ಬೀಜ ಸಗಣಿ, ಹಿಕ್ಕೆಯಲ್ಲಿ ಬಿದ್ದು ಚೆನ್ನಾಗಿ ಮೊಳೆಯುತ್ತದೆ. ಮೇಲೆ ಕಡಿದರೆ ಬುಡದಿಂದ ನಾಲ್ಕಾರು ಕವಲು ಒಡೆಯುತ್ತದೆ. ಹೀಗಾಗಿ ಸುಮ್ನೆ ಕಡಿಯುವುದು ಅದನ್ನು ಪೊದೆ ಮಾಡಿದ ಹಾಗೆ, ಅಲ್ವಾ? ಅದು ದಟ್ಟವಾದಲ್ಲಿ ಹುಲ್ಲು ಏಳುವುದಿಲ್ಲ. ಕೊಪ್ಪಳದ ಬಯಲಿನಲ್ಲಿ ತೋಳಕ್ಕೂ ಕುರಿಗಾರನಿಗೂ ಬೇಕಾದದ್ದು ಅದೇ ಹುಲ್ಲು.

ಈಗ ಕಾನೂನಿನ ಕತೆಗೆ ಬರೋಣ. ಬೆಳೆ ತಿನ್ನುವ ಕೀಟಕ್ಕೆ 1914ರಿಂದಲೇ ಕೇಂದ್ರದ ಕಾಯ್ದೆ ಇದೆ, ಬಂದರಿನಲ್ಲಿ ತಪಾಸಣೆ ಇದೆ, ನೋಡಿಕೊಳ್ಳುವುದು ಕೃಷಿಯವರು. ಕಾಂಗ್ರೆಸ್ ಗಿಡವನ್ನು ನಮ್ಮ ರಾಜ್ಯ 1975ರಲ್ಲೇ ಹಾನಿಕಾರಕ ಕಳೆ ಅಂತ ಘೋಷಿಸಿತ್ತು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಮೆರಿಕದ ಸೈನಿಕ ಹುಳು ಸಿಕ್ಕಾಗ ದೇಶವೆಲ್ಲ ಎಚ್ಚೆತ್ತಿತು, ಯಾಕೆಂದರೆ ಅದು ಹೊಲದಲ್ಲಿತ್ತು, ನಷ್ಟ ಕಣ್ಣಿಗೆ ಕಾಣುತ್ತಿತ್ತು. ಕೆರೆ ಅಂಗಳದ ಜಾಲಿಗೆ ಹಾಗೆ ಓಡಿ ಬರುವ ಇಲಾಖೆ ಇಲ್ಲ. ಹೊಲ ಕೃಷಿಯವರದು, ಕಾಡು ಅರಣ್ಯದವರದು, ಗೋಮಾಳ ಕಂದಾಯದವರದು, ಕೆರೆ ಒಂದೊಂದು ಒಬ್ಬೊಬ್ಬರದು. ಗಿಡಕ್ಕೆ ಈ ಗಡಿ ಗೊತ್ತಿಲ್ಲ.

ಭಾರತ 1994ರಲ್ಲಿ ಜೀವವೈವಿಧ್ಯ ಒಪ್ಪಂದ ಸೇರಿದಾಗಲೇ ಹೊರಗಿನ ಹಾವಳಿ ಜೀವಿಗಳನ್ನು ತಡೆಯುತ್ತೇವೆ ಅಂತ ಒಪ್ಪಿಕೊಂಡಿತ್ತು. ಆದರೆ ವನ್ಯಜೀವಿ ಕಾಯ್ದೆಯೊಳಗೆ ಅವುಗಳ ಹೆಸರು ಬಂದದ್ದು 2022ರ ತಿದ್ದುಪಡಿಯಲ್ಲಿ, ಅಂದರೆ 28 ವರ್ಷದ ಮೇಲೆ. ಆಮದು, ಮಾರಾಟ, ಸಾಕಣೆ, ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರ ಈಗ ಕೇಂದ್ರಕ್ಕಿದೆ. ಒಳ್ಳೆಯದೇ. ಆದರೆ ಅಧಿಕಾರ ಇರುವುದು ಬೇರೆ, ಎಲ್ಲ ಇಲಾಖೆಗಳನ್ನು ಒಂದೇ ನೊಗಕ್ಕೆ ಕಟ್ಟುವುದು ಬೇರೆ. ಅದೇ ವರ್ಷ ತಮಿಳುನಾಡು ಹಾವಳಿ ಗಿಡಗಳಿಗೇ ಒಂದು ನೀತಿ ತಂದಿತು. ಆಸ್ಟ್ರೇಲಿಯಾ 1999ರಲ್ಲೇ 20 ಕಳೆಗಳನ್ನು ರಾಷ್ಟ್ರಮಟ್ಟದ ಪಟ್ಟಿಗೆ ಸೇರಿಸಿತ್ತು, ನಮ್ಮ ಜಾಲಿಯ ಬಳಗವೂ ಅದರಲ್ಲಿದೆ. ಒಂದೊಂದು ಕಳೆಗೂ ರಾಜ್ಯಗಳನ್ನು ಜೋಡಿಸುವ ಒಬ್ಬ ಸಂಯೋಜಕ ಇದ್ದ. ನಮಗೆ ಜಾಸ್ತಿ ಬೇಕಾದದ್ದು ಅದೇ ಅಂತ ನನಗೆ ಅನಿಸುತ್ತದೆ.

ಹಾಗಂತ ಜೆಸಿಬಿ ತಂದು ನಾಳೆಯೇ ಕಿತ್ತು ಹಾಕಿ ಅನ್ನುವುದೂ ತಪ್ಪು. ಎಷ್ಟೋ ಬಡವರ ಒಲೆ ಉರಿಯುವುದು ಇದರಿಂದ, ಇದ್ದಿಲು ಸುಟ್ಟು ಬದುಕುವವರೂ ಇದ್ದಾರೆ. ಅವರಿಗೆ ಬೇರೆ ದಾರಿ ತೋರಿಸುವ ಮಾತು ನೀತಿಯೊಳಗೇ ಇರಬೇಕು.

ರಾಜ್ಯಗಳನ್ನು ಜೋಡಿಸುವುದು ಯಾಕೆ ಬೇಕು ಅಂದರೆ, ಹಗರಿ ನದಿಯನ್ನೇ ನೋಡಿ. ಚಿತ್ರದುರ್ಗದಲ್ಲಿ ವೇದಾವತಿ ಅನಿಸಿಕೊಂಡು, ಆಂಧ್ರದ ಅನಂತಪುರ ಜಿಲ್ಲೆ ಹೊಕ್ಕು, ಮತ್ತೆ ಬಳ್ಳಾರಿಗೆ ಬಂದು ತುಂಗಭದ್ರೆ ಸೇರುತ್ತದೆ. ನಾವು ಈ ದಂಡೆಯಲ್ಲಿ ಬುಡಸಮೇತ ಕಿತ್ತರೂ ಮೇಲಿನ ರಾಜ್ಯದಲ್ಲಿ ಉದುರಿದ ಕಾಯಿ ಒಂದು ಮಳೆಗೆ ತೇಲಿ ಬಂದು ನಮ್ಮ ಮರಳಿನಲ್ಲೇ ಮೊಳೆಯುತ್ತದೆ.